ಅಪ್ಪನ ಹಿಂದೆ ಒಂದು ಕುರ್ಚಿ

ಅಮ್ಮಾ,

ಓದಲು ನೀನಿಲ್ಲ, ಆದರೂ ಇದನ್ನು ಇನ್ನಾರಿಗೆ ಹೇಳಲಿ? ಅಪ್ಪನ ಒಳ್ಳೆಯ ಕೊಲೆಸ್ಟ್ರಾಲ್ ಮತ್ತೆ ಇಳಿದಿದೆ. "ಏರಿಸೋಕೆ ಏನಾದ್ರೂ ಕೊಡಿ ಡಾಕ್ಟ್ರೇ," ಎಂದು ಗೋಗರೆದೆ.

"ಹೃದಯ ಸೋತವರಲ್ಲಿ ಅದು ಇಳಿಯೋದು ಒಳ್ಳೆ ಲಕ್ಷಣ ಅಲ್ಲಮ್ಮ. ಆದ್ರೆ ಮಾತ್ರೆ ಕೊಟ್ಟು ಏರಿಸಿದ್ರೆ ಹೃದಯ ಸುಧಾರಿಸುತ್ತೆ ಅಂತ ಹೇಳೋಕಾಗಲ್ಲ," ಎಂದರು.

ಅಪ್ಪ ಕೇಳಿಸಿಕೊಂಡರೋ ಇಲ್ಲವೋ. ಮನೆಗೆ ಬಂದವರೇ, "ನಡೆದ್ರೆ ಏರುತ್ತೆ ಅಂತ ನಿಮ್ಮಮ್ಮ ಹೇಳ್ತಿದ್ಲು," ಎನ್ನುತ್ತ ಊದಿದ ಕಾಲನ್ನು ಚಪ್ಪಲಿಗೆ ತುರುಕಿ ವರಾಂಡದಲ್ಲಿ ನಡೆಯತೊಡಗಿದರು. ನೀನಾಗಿದ್ದರೆ ಗದರಿ ಕೂರಿಸುತ್ತಿದ್ದೆ. ನಾನು ಕುರ್ಚಿ ಎತ್ತಿಕೊಂಡು ಹಿಂದೆಯೇ ಹೋದೆ.

ಈಗಲೂ ಎಡಗಡೆ ನೀನು ನಡೆಯುತ್ತಿದ್ದಷ್ಟು ಜಾಗ ಬಿಡುತ್ತಾರೆ, ಅಮ್ಮಾ. ಅಲ್ಲಿ ಹೋಗಿ ನಿಲ್ಲಲು ನನಗೆ ಧೈರ್ಯವಾಗಲಿಲ್ಲ.