ನನ್ನ ಮಗಳ ಕಿವಿ ಇ-ತ್ಯಾಜ್ಯವಲ್ಲ

ಮಕ್ಕಳಿಗೆ ಶ್ರವಣಯಂತ್ರ ಹಂಚಿದ, ಈಗ ಇ-ತ್ಯಾಜ್ಯದ ಪೆಟ್ಟಿಗೆಯನ್ನೂ ಇಟ್ಟಿರುವ ಮಾನ್ಯ ಅಧಿಕಾರಿಗಳೇ,

ನೀವು ಕೊಟ್ಟ ಯಂತ್ರ ಎರಡನೇ ವರ್ಷಕ್ಕೇ ಸತ್ತಿದೆ. ಅದನ್ನು ಪೆಟ್ಟಿಗೆಗೆ ಹಾಕಿ ಮನೆಗೆ ಹೋಗಿ ಎಂದು ನಿಮ್ಮ ಕಚೇರಿ ಹೇಳಿದೆ. ನಾನು ಹಾಕುವುದಿಲ್ಲ. ಯಾಕೆಂದು ಊರೆಲ್ಲ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಮಗಳು ಹನಾ ಮೂರನೇ ತರಗತಿ. ಮೂಡುಬಿದಿರೆಯ ಶಿಬಿರದಲ್ಲಿ ನೀವೇ ಅವಳ ಕಿವಿಗೆ ಯಂತ್ರ ಸಿಕ್ಕಿಸಿ ಫೋಟೋ ತೆಗೆಸಿಕೊಂಡಿರಿ. ಆ ಸಂಜೆ ಅಡುಗೆಮನೆಯಿಂದ ಮೆಲ್ಲಗೆ ಕರೆದೆ. ಜಗಲಿಯಿಂದ "ಎಂತ ಉಮ್ಮ?" ಎಂದಳು. ನನಗೆ ಅಳುವೇ ಬಂತು. ಅಂದು ನಿಮಗಾಗಿ ಮನಸಾರೆ ದುಆ ಮಾಡಿದ್ದೆ, ಅದನ್ನು ಹಿಂದಕ್ಕೆ ಪಡೆಯುವುದಿಲ್ಲ.

ಈಗ ಕೆಟ್ಟಿರುವುದು ಬ್ಯಾಟರಿ ಮಾತ್ರ. ಮಡಂತ್ಯಾರಿನಲ್ಲಿ ಮೊಬೈಲ್ ರಿಪೇರಿ ಮಾಡುವ ಲತೇಶ್ ಅದನ್ನು ತಿರುಗಿಸಿ ನೋಡಿ, "ಅಕ್ಕ, ಇದಕ್ಕೆ ಸ್ಕ್ರೂವೇ ಇಲ್ಲ, ಗಮ್ ಹಾಕಿ ಮುಚ್ಚಿದ್ದಾರೆ. ಒಡೀಬಹುದು, ಮತ್ತೆ ಕೂಡಿಸ್ಲಿಕ್ಕೆ ಆಗುದಿಲ್ಲ" ಎಂದ. ಅವಲಕ್ಕಿ ಡಬ್ಬಕ್ಕೂ ಮುಚ್ಚಳ ಇರುತ್ತದಲ್ಲ ಸ್ವಾಮಿ? ಮಗುವಿನ ಕಿವಿಗೆ ಇಡುವ ಯಂತ್ರಕ್ಕೆ ಯಾಕಿಲ್ಲ? ಬ್ಯಾಟರಿ ಬದಲಿಸುವಂತಿರಬೇಕು ಎಂದು ಖರೀದಿಸುವಾಗಲೇ ಒಂದು ಷರತ್ತು ಹಾಕಲು ನಿಮಗೇನು ಧಾಡಿಯಾಗಿತ್ತು? ಬೇಗ ಕಸವಾಗುವ ವಸ್ತುವನ್ನು ನೀವೇ ಕೊಂಡು ಹಂಚುವುದು, ಆಮೇಲೆ ಕಸ ಕಡಿಮೆ ಮಾಡಿ ಎಂದು ನಮಗೆ ಉಪದೇಶಿಸುವುದು! ಪೆಟ್ಟಿಗೆ ತುಂಬಿದಷ್ಟೂ ನಿಮಗೆ ಶಹಬ್ಬಾಸ್‌ಗಿರಿ ಸಿಗುತ್ತದೋ ಏನೋ.

ಬಸ್ಸು ಹತ್ತಿ ಬಂಟ್ವಾಳದ ನಿಮ್ಮ ಕಚೇರಿಗೆ ಬಂದ ದಿನ ಹನಾ ಆ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಓದಿದಳು. "ಉಮ್ಮ, ತ್ಯಾಜ್ಯ ಅಂದ್ರೆ ಎಂತ?" ಅವಳಿಗೆ ಕೂಗಿಯೇ ಹೇಳಬೇಕು. "ಬೇಡದ್ದು!" ಎಂದು ಕೂಗಿದೆ. ಅವಳು ಕಿವಿಯನ್ನು ಕೈಯಿಂದ ಮುಚ್ಚಿಕೊಂಡಳು, ಸತ್ತ ಯಂತ್ರವನ್ನು ತೆಗೆಯಲು ಬಿಡಲೇ ಇಲ್ಲ. ನಿಮ್ಮ ಗುಮಾಸ್ತರು ತಲೆಯೆತ್ತಿ, "ಸ್ವಲ್ಪ ಮೆಲ್ಲ ಮಾತಾಡಿಯಮ್ಮ, ಇದು ಆಫೀಸು" ಎಂದರು. "ಮೆಲ್ಲ ಮಾತಾಡ್ಲಿಕ್ಕೆ ಆಗುವ ಮಿಷನ್ ಕೊಡಿ, ಮಾತಾಡ್ತೇನೆ" ಎಂದೆ.

ನಾನು ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಯಂತ್ರ ಮಾಡಿದ ಕಂಪೆನಿಯನ್ನೇ ಕರೆಸಿ ಹೊಸ ಬ್ಯಾಟರಿ ಹಾಕಿಸಿ. ಹಳೆಯದನ್ನು ಅವರೇ ಕೊಂಡುಹೋಗಿ, ಅದರೊಳಗಿನ ಲೋಹ ತೆಗೆದು ಮತ್ತೆ ಬಳಸಲಿ. ಬಿಚ್ಚಲಾಗದ ಯಂತ್ರವನ್ನು ಇನ್ನು ಯಾವ ಮಗುವಿಗೂ ಹಂಚಬೇಡಿ. ಅಲ್ಲಿಯವರೆಗೆ ಪ್ರತಿ ಸೋಮವಾರ ಹನಾಳನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬರುತ್ತೇನೆ. ತರಗತಿಯಲ್ಲಿ ಅವಳಿಗೆ ಕೇಳಿಸದೆ ಹೋದ ಪಾಠಗಳನ್ನೆಲ್ಲ ನಿಮ್ಮ ಬೆಂಚಿನ ಮೇಲೆ ಕುಳಿತು ಹೇಳಿಕೊಡುತ್ತೇನೆ, ಅವಳಿಗೆ ಕೇಳಿಸುವಷ್ಟು ಜೋರಾಗಿ.

ಇಂತಿ,
ಮೆಲ್ಲಗೆ ಮಾತಾಡುವುದು ಮರೆತೇಹೋಗಿರುವ
ಶಮ್ನಾ, ವಾಮದಪದವು