ನರಸಿಂಹಮ್ಮನ ಬಳೆ ಸದ್ದು

ತುಮಕೂರು
೧೨-೨-೧೯೯೯, ಶುಕ್ರವಾರ

ಮಗಳು ನೇತ್ರಾವತಿಗೆ, ನಿನ್ನ ಅಪ್ಪ ಹನುಮಂತರಾಜು ಮನಸಾರೆ ಮಾಡುವ ಆಶೀರ್ವಾದ.

ನಿನ್ನ ಕೆಮ್ಮು ಈಗ ಹೇಗಿದೆ? ಹೋದ ಸಲ ಫೋನಿನಲ್ಲಿ ಮಾತಾಡಿದಾಗ ಅರ್ಧ ಮಾತು, ಅರ್ಧ ಕೆಮ್ಮು. ಹುಲಿಯೂರುದುರ್ಗದ ಧೂಳು ನಿನಗೆ ಒಗ್ಗುತ್ತಿಲ್ಲವೇನೋ. ನಿಮ್ಮಮ್ಮ ಒಣಶುಂಠಿ, ಮೆಣಸು ಕುಟ್ಟಿ ಡಬ್ಬಿಗೆ ತುಂಬಿಟ್ಟಿದ್ದಾಳೆ. ಅಳಿಯಂದಿರು ಚೆನ್ನಾಗಿದ್ದಾರೆಯೇ? ನಿಮ್ಮ ಅತ್ತೆ ಓಬಳಮ್ಮನವರ ಆರೋಗ್ಯವನ್ನೂ ಕೇಳಬೇಕು, ಆದರೆ ಕೇಳುವುದಕ್ಕೆ ನನಗೆ ಮುಖವಿಲ್ಲ. ಕೇಳಿದೆ ಅಂತಲೇ ಇಟ್ಟುಕೋ. ಇಲ್ಲಿ ನಿಮ್ಮಮ್ಮ ಚೆನ್ನಮ್ಮನ ಮಂಡಿನೋವು ಹಾಗೇ ಇದೆ. ಬಾಯಿಗೆ ಮಾತ್ರ ಈ ವಾರ ರಜೆ, ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಕರೆಯುವಾಗಲೂ ಗೋಡೆಗೆ ಹೇಳುತ್ತಾಳೆ, "ಬಡಿಸಿದೀನಿ" ಅಂತ. ಗೋಡೆ ಎದ್ದು ಬರುವುದಿಲ್ಲವಾದ್ದರಿಂದ ನಾನೇ ಹೋಗಿ ಕೂರುತ್ತೇನೆ.

ನಿನ್ನ ಕಾಗದ ಸೋಮವಾರ ಬಂತು. ಯುಗಾದಿಗೆ ರಿಪೇರಿ ಅಂಗಡಿ ತೆಗೆಯಬೇಕು ಅಂತ ನೀನು ಸುಣ್ಣ ಹೊಡೆಸಿಟ್ಟಿದ್ದ ಬೀದಿಕಡೆಯ ಕೋಣೆಗೆ ಓಬಳಮ್ಮನವರು ಹುರುಳಿ ಮೂಟೆ ಹಾಕಿಸಿದರು, ನಿನ್ನ ಮೀಟರು, ಸೋಲ್ಡರಿಂಗ್ ಸಾಮಾನೆಲ್ಲ ಅಟ್ಟ ಸೇರಿದವು ಅಂತ ಬರೆದಿದ್ದೀಯ. "ಅಪ್ಪನ ಮನೇಲೇ ಟೇಪು ಕೆಡ್ಸವ್ಳಂತೆ, ಇನ್ನು ಊರೋರ ಸಾಮಾನು ಉಳಿಸ್ತಾಳಾ" ಅಂದರಂತೆ. ಓದಿದಾಗ ಮೊದಲು ಅವರ ಮೇಲೆ ಸಿಟ್ಟು ಬಂತು. ಆ ಸಿಟ್ಟು ಯಾರ ಮೇಲೆ ಬರಬೇಕಿತ್ತು ಅಂತ ಹೊಳೆಯುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾಗದದ ಕೊನೆಯಲ್ಲಿ ನೀನು ಕೇಳಿದ್ದೀಯಲ್ಲ, ದೀಪಾವಳಿಗೆ ಬಂದಾಗ ಟೇಪು ಮಿಷನ್ನಿನಲ್ಲಿ ಸದ್ದು ಹಿಡಿಯುವ ಹೆಡ್ಡಿನ ಸ್ಕ್ರೂ ತಿರುಗಿಸಿದ್ದು ತಪ್ಪಾಯಿತಾ, ನನಗೇ ಗೊತ್ತಾಗದ ಹಾಗೆ ಕೈ ಜಾರಿತಾ ಅಂತ, ಅದನ್ನು ಇನ್ನೊಮ್ಮೆ ಓದುವುದಕ್ಕೆ ನನ್ನಿಂದ ಆಗಲಿಲ್ಲ. ಇಲ್ಲ ಕಣಮ್ಮ. ನಿನ್ನ ಕೈ ಜಾರಲಿಲ್ಲ. ಟೇಪು ಕೆಡಿಸಿದವನು ನಾನು. ನಿನ್ನ ಹೆಸರು ಹೇಳಿದವನೂ ನಾನೇ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ಕಡಬದಿಂದ ನರಸಿಂಹಮ್ಮ ಅನ್ನುವ ಅಜ್ಜಿ ಚಕ್ರಕ್ಕೆ ಸುತ್ತಿದ ಹಳೆಯ ಸ್ಪೂಲ್ ಟೇಪೊಂದನ್ನು ಹಿಡಿದು ನನ್ನ ರಿಪೇರಿ ಅಂಗಡಿಗೆ ಬಂದರು. ನಿಮ್ಮ ಅತ್ತೆಗೆ ದೊಡ್ಡಮ್ಮನಾಗಬೇಕು ಅನ್ನುವುದು ನಿನಗೆ ಗೊತ್ತು. ನಿನ್ನ ಮದುವೆಯಲ್ಲಿ ನೋಡಿದ್ದರೂ ನನಗೆ ಗುರುತು ಹತ್ತಲಿಲ್ಲ. ಒಂದು ಕಾಲಕ್ಕೆ ಸುತ್ತಲ ಊರಿನ ಮದುವೆಗಳಲ್ಲೆಲ್ಲ ಸೋಬಾನೆ ಹಾಡಿದವರು. ಗಂಟಲಿನ ಆಪರೇಷನ್ ಆದಮೇಲೆ ಪಿಸುಮಾತು ಬಿಟ್ಟರೆ ದನಿಯೇ ಇಲ್ಲ. ಹಿಂದೆ ಯಾವಾಗಲೋ ಊರಿನ ಮೇಷ್ಟ್ರೊಬ್ಬರು ಅವರ ಹಾಡುಗಳನ್ನು ಆ ಟೇಪಿಗೆ ರೆಕಾರ್ಡ್ ಮಾಡಿಟ್ಟಿದ್ದರಂತೆ. ಕ್ಯಾಸೆಟ್ಟಿಗೆ ಇಳಿಸಿಕೊಟ್ಟರೆ ಮೊಮ್ಮಕ್ಕಳು ಕೇಳಿ ಕಲಿಯುತ್ತಾರೆ, ನನ್ನ ಹಾಡು ನನ್ನ ಜೊತೆ ಮಣ್ಣಾಗುವುದು ಬೇಡ ಅಂದರು. ಅವರ ಎದುರಿಗೇ ಹಾಕಿದೆ. ಹಾಡು ಶುರುವಾಗುವ ಮೊದಲೇ ಕೈತುಂಬ ಬಳೆ ಗಲ್ ಅಂದವು ನೋಡು, ಅಜ್ಜಿ ತಮ್ಮ ಬರಿಗೈ ನೋಡಿಕೊಂಡು ನಕ್ಕುಬಿಟ್ಟರು.

ಇದನ್ನು ಚೆನ್ನಾಗಿಯೇ ಇಳಿಸಬೇಕು ಅಂತ ಅವರನ್ನು ಕಳಿಸಿಕೊಟ್ಟು ಮಿಷನ್ನಿಗೆ ಕೈ ಹಾಕಿದೆ. ಬೆಂಗಳೂರಿನ ಸ್ಟುಡಿಯೋ ಹರಾಜಿನಲ್ಲಿ ತಂದ ಆ ದೈತ್ಯ ಬಿಸಿಯಾಗುವುದಕ್ಕೇ ಹೊತ್ತು ತಗೊಳ್ಳುತ್ತೆ ಅಂತ ನೀನು ಕುಂಭಕರ್ಣ ಅಂತ ಹೆಸರಿಟ್ಟಿದ್ದೆಯಲ್ಲ, ಅವನಿಗೆ ಎಲ್ಲ ಉಪಚಾರ ಮಾಡಿದೆ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹೆಡ್ಡು ಒರೆಸಿದೆ, ರಬ್ಬರ್ ರೋಲರ್ ಶುದ್ಧ ಮಾಡಿದೆ. ಕೊನೆಗೆ ಡೀಮ್ಯಾಗ್ನೆಟೈಸರ್ ಹಿಡಿದೆ. ಟೇಪು ಓಡಿ ಓಡಿ ಹೆಡ್ಡಿಗೆ ಹತ್ತಿಕೊಂಡ ಮ್ಯಾಗ್ನೆಟ್ಟನ್ನು ಬಿಡಿಸುವ ಆ ಕಡ್ಡಿಯನ್ನು ಕರೆಂಟು ಇರುವಾಗಲೇ ನಿಧಾನವಾಗಿ ತೋಳುದ್ದ ದೂರ ಎಳೆದುಕೊಳ್ಳಬೇಕು, ಆಮೇಲೇ ಸ್ವಿಚ್ ಆರಿಸಬೇಕು, ಹತ್ತಿರವಿದ್ದಾಗ ಕರೆಂಟು ನಿಂತರೆ ಹೆಡ್ಡೇ ಮ್ಯಾಗ್ನೆಟ್ ಆಗಿ ಮೇಲೆ ಹಾದುಹೋದ ಟೇಪನ್ನೆಲ್ಲ ತಿನ್ನುತ್ತೆ ಅಂತ ನಿನಗೆ ಕಲಿಸಿದವನು ನಾನು. ತುಮಕೂರಿನ ಕರೆಂಟನ್ನು ನಂಬಬೇಡಿ, ಅದನ್ನು ಯುಪಿಎಸ್‌ಗೆ ಹಾಕಿ ಅಂತ ನನಗೆ ಹೇಳಿದವಳು ನೀನು. "ನೀನು ಹುಟ್ಟೋಕ್ ಮುಂಚಿಂದ ರಿಪೇರಿ ಮಾಡ್ತಿದೀನಿ, ಹೋಗೇ" ಅಂತ ಗೇಲಿ ಮಾಡಿದ್ದೆ. ಅವತ್ತೂ ಗೋಡೆಯ ಪ್ಲಗ್ಗಿಗೇ ಹಾಕಿದೆ. ಕಡ್ಡಿ ಹೆಡ್ಡಿನ ಹತ್ತಿರ ಹೋಗಿತ್ತು, ಲೋಡ್ ಶೆಡ್ಡಿಂಗ್. ಫ್ಯಾನು ನಿಂತಿತು. ಗೊತ್ತಾಗಲಿಲ್ಲ ಅಂತ ಸುಳ್ಳು ಹೇಳಲಾರೆ. ಕರೆಂಟು ಬಂದ ಮೇಲೆ ಇನ್ನೊಂದು ಸಲ ಮಾಡಿದ್ದರೆ ಸರಿಹೋಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಬ್ಯಾಟರಿ ಅಂಗಡಿಯ ಮಕ್ಸೂದ್ ಟೀ ಹಿಡಿದು ಬಂದ, ಮಾತಿಗೆ ಕೂತೆವು, ಏನೂ ಆಗಿರಲಾರದು ಬಿಡು ಅಂತ ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಆ ಟೇಪನ್ನು ಒಂದೇ ಒಂದು ಸಲ ಓಡಿಸಿ ಬಿಟ್ಟಿದ್ದರೂ ಇಷ್ಟು ಹಾಳಾಗುತ್ತಿರಲಿಲ್ಲ. ಸದ್ದಿನ ಲೆವೆಲ್ ನೋಡುವುದಕ್ಕೆ ಅಂತ, ಹಾಡು ಎಲ್ಲಿ ಮುಗಿಯುತ್ತೆ ಅಂತ, ಮಕ್ಸೂದನಿಗೆ ಕೇಳಿಸುವುದಕ್ಕೆ ಅಂತ ಮೊದಲ ಅರ್ಧವನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿಯೇ ಓಡಿಸಿದೆ. ನನ್ನ ಕಿವಿಗೆ ವಯಸ್ಸಾಗಿದೆ ಮಗಳೇ, ಒಂದೊಂದು ಸಲಕ್ಕೂ ಸದ್ದು ಮಂಕಾಗುತ್ತಿದ್ದದ್ದು ನನಗೆ ತಿಳಿಯಲಿಲ್ಲ. ಮುಂದಿನ ವಾರ ನರಸಿಂಹಮ್ಮ ಬಂದು ಒಂದು ಹಾಡು ಕೇಳುವಷ್ಟರಲ್ಲಿ ಎದ್ದು ನಿಂತರು. "ಏನಪ್ಪಾ, ನನ್ ಬಳೆ ಸದ್ದೆಲ್ಲೋಯ್ತು? ಗೋಣಿಚೀಲ ಹೊದ್ಕಂಡು ಹಾಡ್ದಂಗೈತೆ" ಅಂದರು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಊರಿಗೆಲ್ಲ ನಾನೇ ಗುರು ಅಂತ ಮೆರೆದವನಲ್ಲವೇ, ನಾಲಿಗೆ ತಾನಾಗಿಯೇ ಹೊರಳಿತು. ನನ್ನ ಮಗಳು ಹಬ್ಬಕ್ಕೆ ಬಂದಾಗ ಹೆಡ್ಡು ಅಲ್ಲಾಡಿಸಿ ಹೋದಳು, ಅದೀಗ ಸಡಿಲವಾಗಿ ಟೇಪು ಕೆಟ್ಟಿದೆ, ಅವಳದ್ದೇ ಕೆಲಸ ಅಂದುಬಿಟ್ಟೆ. ಕೊಟ್ಟ ಹೆಣ್ಣು, ಇಲ್ಲಿ ಅವಳ ಹೆಸರು ಕೆಟ್ಟರೆ ಅಲ್ಲಿ ಅವಳಿಗೇನು ನಷ್ಟ ಅಂತ ಆ ಕ್ಷಣ ಲೆಕ್ಕ ಹಾಕಿತ್ತು ನನ್ನ ಹಾಳು ತಲೆ. ಅಜ್ಜಿ ನಮ್ಮ ಬೀಗರ ಕಡೆಯವರು, ಮಾತು ಓಬಳಮ್ಮನವರ ಕಿವಿ ಮುಟ್ಟುತ್ತೆ ಅಂತ ಗೊತ್ತಿದ್ದರೆ ಹೇಳುತ್ತಿರಲಿಲ್ಲ. ಹಾಗೆ ಬರೆಯುವಾಗಲೇ ಇನ್ನಷ್ಟು ನಾಚಿಕೆಯಾಗುತ್ತಿದೆ, ಯಾಕೆಂದರೆ ಬೇರೆ ಯಾರೇ ಆಗಿದ್ದರೂ ನಿನ್ನ ಹೆಸರನ್ನು ಧಾರಾಳವಾಗಿ ಹೇಳಿ, ಮರೆತು, ಊಟ ಮಾಡಿ ಮಲಗಿರುತ್ತಿದ್ದೆ.

ಅವರು ಹೋದಮೇಲೆ ಮಿಷನ್ನಿನ ಮುಚ್ಚಳ ತೆಗೆದು ನೋಡಿದೆ. ಸ್ಕ್ರೂ ಅಲ್ಲಾಡಬಾರದು ಅಂತ ನೀನು ಅದರ ತಲೆಗೆ ಹಚ್ಚಿದ್ದ ಕೆಂಪು ನೈಲ್ ಪಾಲಿಶ್ ಒಂದು ಚೂರೂ ಬಿರುಕು ಬಿಟ್ಟಿರಲಿಲ್ಲ. ನೀನು ಇಟ್ಟ ಹೆಡ್ಡು ಇಟ್ಟ ಹಾಗೇ ಇತ್ತು. ನನ್ನದೊಂದು ಹಳೆಯ ಟೇಪು ಹಾಕಿ ಎರಡು ಮೂರು ಸಲ ಓಡಿಸಿದೆ, ಅದೂ ನನ್ನ ಕಣ್ಣೆದುರಿಗೇ ಮಂಕಾಯಿತು. ಅವತ್ತೇ ಕಡಬಕ್ಕೆ ಹೋಗಿ ಹೇಳಬೇಕಿತ್ತು. ನಾಳೆ, ನಾಡಿದ್ದು ಅಂತ ತಳ್ಳಿದೆ. ನಿನ್ನ ಕಾಗದ ಬರದಿದ್ದರೆ ಇನ್ನೂ ತಳ್ಳುತ್ತಲೇ ಇರುತ್ತಿದ್ದೆನೋ ಏನೋ. ಚೆನ್ನಮ್ಮನಿಗೆ ಕಾಗದ ಓದಿ ಹೇಳಿ, ನಡೆದದ್ದನ್ನೂ ಹೇಳಿದೆ. "ಅವಳ ಕೈನೇ ಕತ್ತರಿಸ್ಬುಟ್ರಲ್ರೀ" ಅಂದವಳು ಆಮೇಲಿಂದ ಗೋಡೆಯ ಜೊತೆಗೇ ಮಾತು.

ಬುಧವಾರ ಗುಬ್ಬಿ ಬಸ್ಸು ಹತ್ತಿ, ಅಲ್ಲಿಂದ ಕಡಬಕ್ಕೆ ಹೋದೆ. ನರಸಿಂಹಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಹೋದ ಸದ್ದು ಯಾರ ಕೈಲೂ ವಾಪಸ್ ಬರುವುದಿಲ್ಲ ಅಂತಲೂ ಹೇಳಿದೆ. ಅಜ್ಜಿ ಬಯ್ಯಲಿಲ್ಲ, ಬಯ್ದಿದ್ದರೆ ಹಗುರಾಗುತ್ತಿತ್ತು. "ಬಳೆ ಹೋದ್ರೆ ಹೋಗ್ಲಿ ಬುಡು. ಆ ಮಗಾ ಏನ್ ಮಾಡಿತ್ತಪ್ಪಾ ನಿಂಗೆ?" ಅಂತ ಪಿಸುದನಿಯಲ್ಲೇ ಕೇಳಿದರು. ಒಂದು ಕಾಳು ಅವರೆಯೂ ಬಿಡಿಸಿಕೊಡಲಾರದೆ ಬೆಪ್ಪನ ಹಾಗೆ ಕೈಕಟ್ಟಿ ನಿಂತಿದ್ದೆ. ಟೇಪಿನ ಉಳಿದರ್ಧಕ್ಕೆ ನಾನಿನ್ನೂ ಹೋಗಿರಲಿಲ್ಲ, ಅದು ಚೆನ್ನಾಗಿದೆ ಅಂದಾಗ ಮಾತ್ರ ತಲೆಯೆತ್ತಿ ನೋಡಿದರು.

ನೀನು ನನ್ನನ್ನು ಕ್ಷಮಿಸು ಅಂತ ಈ ಕಾಗದದಲ್ಲಿ ಕೇಳುವುದಿಲ್ಲ. ಹತ್ತು ಜನರ ಎದುರು ನಿನ್ನ ಹೆಸರು ಕೆಡಿಸಿ, ಕದ್ದು ಪೋಸ್ಟಿನಲ್ಲಿ ಕ್ಷಮೆ ಕೇಳುವುದು ಗಂಡಸುತನವೂ ಅಲ್ಲ, ಅಪ್ಪತನವೂ ಅಲ್ಲ. ಒಂದನ್ನು ಮಾತ್ರ ನಂಬು: ನಿನ್ನ ಕೈಯ ಮೇಲೆ ನಿನಗೆ ಅನುಮಾನ ಬೇಡ. ಶುಂಠಿ ಕಷಾಯ ಕುಡಿ, ಬೆಚ್ಚಗಿರು. ಅಳಿಯಂದಿರಿಗೆ ಆಶೀರ್ವಾದ, ಓಬಳಮ್ಮನವರಿಗೆ ನಮಸ್ಕಾರ. ನಿನಗೆ ದೇವರು ನನಗಿಂತ ಒಳ್ಳೆಯ ಬುದ್ಧಿ ಕೊಟ್ಟಿದ್ದಾನೆ, ಅದನ್ನು ಹಾಗೇ ಕಾಪಾಡಲಿ.

ನಿನ್ನ ಅಪ್ಪ,
ಹನುಮಂತರಾಜು

ತಾ.ಕ.: ಉಳಿದರ್ಧವನ್ನು ನೇತ್ರಾ ಒಬ್ಬಳೇ ಮುಟ್ಟಬೇಕು ಅಂದಿದ್ದಾರೆ ನರಸಿಂಹಮ್ಮ. ಮುಂದಿನ ಭಾನುವಾರ ಮಕ್ಸೂದನ ಟೆಂಪೋದಲ್ಲಿ ಕುಂಭಕರ್ಣನನ್ನು ಹೇರಿಕೊಂಡು, ಅಜ್ಜಿಯನ್ನೂ ಚೆನ್ನಮ್ಮನನ್ನೂ ಕೂರಿಸಿಕೊಂಡು ಕುಣಿಗಲ್ ಮೇಲೆ ನಿಮ್ಮೂರಿಗೆ ಬರುತ್ತೇವೆ. ಹೆಡ್ಡಿಗೆ ಹಿಡಿದ ಮ್ಯಾಗ್ನೆಟ್ಟನ್ನು ನಾನು ಬಿಡಿಸಿಲ್ಲ, ಬಿಡಿಸುವುದೂ ಇಲ್ಲ. ಯುಪಿಎಸ್ ತರುತ್ತೇನೆ, ಎಲ್ಲರೂ ನೋಡುವ ಹಾಗೆ ನೀನೇ ಬಿಡಿಸು. ಅದಕ್ಕೂ ಮುಂಚೆ ನಿಮ್ಮ ಜಗಲಿಯ ಮೇಲೆ ಓಬಳಮ್ಮನವರ ಎದುರು ನಾನು ಹೇಳಬೇಕಾದದ್ದನ್ನು ಹೇಳುತ್ತೇನೆ. ಅಪ್ಪನಿಗೆ ಅವಮಾನ ಆಗುತ್ತೆ ಅಂತ ನೀನು ಕಾಫಿಯ ನೆಪ ಮಾಡಿಕೊಂಡು ಒಳಗೆ ಎದ್ದು ಹೋಗುತ್ತೀಯ, ನನಗೆ ಗೊತ್ತು. ಹೋಗಬೇಡ. ನಾನು ಹೇಳಿ ಮುಗಿಸುವವರೆಗೂ ನನ್ನ ಎದುರಿಗೇ ಕೂತಿರು.