ಮೂಲೆ ಹಿಡಿದು ಎಳೆದ ಚಿತ್ರ

ಅಂಗಡಿಯಿಂದ,
ಮಾರ್ಚ್ ೪, ಮಂಗಳವಾರ

ಮುದ್ದು ಗುಬ್ಬೀ,

ಹೇಗಿದ್ದೀಯಮ್ಮ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನರ್ಸಿಂಗ್ ಓದುವವಳಿಗೆ ದರ್ಜಿ ಅಪ್ಪ ಆರೋಗ್ಯದ ಪಾಠ ಹೇಳುತ್ತಾನೆ ಎಂದು ನಗಬೇಡ, ಈ ಸಲ ಬಾಯಿಮಾತಿಗೆ ಕೇಳುತ್ತಿಲ್ಲ. ನಾನೂ ನಿನ್ನಮ್ಮನೂ ಚೆನ್ನಾಗಿದ್ದೇವೆ. ನನ್ನ ಸೊಂಟ ಮಾತ್ರ ಹಳೇ ಮಿಷನ್ನಿನಂತೆ ಕಿರ್ ಎನ್ನುತ್ತದೆ, ಎಣ್ಣೆ ಬಿಡಲು ತೂತು ಎಲ್ಲಿದೆಯೋ ಗೊತ್ತಾಗುತ್ತಿಲ್ಲ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಾದರೆ ನೀನು ನಕ್ಕು ಮಾತು ತೇಲಿಸಿಬಿಡುತ್ತೀಯ, ಅದಕ್ಕೇ ಕಾಗದ.

ನಮ್ಮ ಲ್ಯಾಪ್‌ಟಾಪಿನಲ್ಲಿ ಬರುವ ಭಾನುವಾರದ ವಿಡಿಯೋ ಕಾಲ್ ಹತ್ತು ನಿಮಿಷಕ್ಕೇ ಕಟ್ಟಾಗುತ್ತದೆ, ಆಮೇಲೆ ನಿನ್ನಮ್ಮ 'ಕಣ್ತುಂಬ ನೋಡೋಕೂ ಆಗ್ಲಿಲ್ಲ' ಎಂದು ಗೊಣಗುತ್ತಾಳೆ. ಅದಕ್ಕೆ ಪಕ್ಕದ ಜೆರಾಕ್ಸ್ ಅಂಗಡಿಯಾಕೆಯ ಹತ್ತಿರ ಸ್ಕ್ರೀನ್‌ಶಾಟ್ ತೆಗೆಯುವುದನ್ನು ಕಲಿತೆ. ಪ್ರಿಂಟ್ ಸ್ಕ್ರೀನ್ ಗುಂಡಿ ಒತ್ತಿ ಕಾಲು ಗಂಟೆ ಅವಳ ಪ್ರಿಂಟರಿನ ಬಾಯಿ ನೋಡುತ್ತ ನಿಂತಿದ್ದೆ. 'ಅಯ್ಯೋ ಅಣ್ಣಾ, ಅದು ಪ್ರಿಂಟ್ ಹೊಡೆಯಲ್ಲ, ಪರದೆ ಮೇಲಿರೋದನ್ನ ಫೋಟೋ ಹಿಡಿಯುತ್ತೆ ಅಷ್ಟೆ. ಜೊತೆಗೆ ವಿಂಡೋಸ್ ಕೀ ಒತ್ತಿ, ತಾನೇ ಸೇವ್ ಆಗುತ್ತೆ' ಎಂದಳು. ಅಲ್ಲಿಂದ ವಾರಕ್ಕೊಂದರಂತೆ ಹತ್ತೊಂಬತ್ತು ಚಿತ್ರ ಸೇರಿವೆ. ನಿನ್ನ ಹೆಸರಿನದೇ ಫೋಲ್ಡರ್, ಒಂದೊಂದಕ್ಕೂ ತಾರೀಖು.

ಚಿತ್ರದಲ್ಲಿ ನೀನು ತೀರ ಸಣ್ಣಗೆ ಕಾಣುತ್ತಿದ್ದೆ. ಬಲಗಡೆ ಅಂಚು ಹಿಡಿದು ಪರದೆ ತುಂಬುವಷ್ಟು ಎಳೆದೆ. ಎಳೆದಿದ್ದೇ ತಡ, ನಿನ್ನ ಕೆನ್ನೆ ತುಂಬಿಕೊಂಡಿತು! 'ನೋಡೇ, ಮಗಳು ಮೈಕೈ ತುಂಬಿಕೊಂಡಿದ್ದಾಳೆ' ಎಂದು ಅಮ್ಮನಿಗೆ ತೋರಿಸಿದೆ. ಅಳತೆ ಕೊಡಲು ಬಂದವರಿಗೆಲ್ಲ ತೋರಿಸಿದೆ. ಚಿಕ್ಕಪ್ಪನಿಗೆ ಫೋನ್ ಮಾಡಿಯೂ ಕೊಚ್ಚಿಕೊಂಡೆ. ನಿನ್ನೆ ಪ್ರಿಂಟ್ ಹಾಕಿಸಲು ಹೋದರೆ ಜೆರಾಕ್ಸಿನವಳು ಹೊಟ್ಟೆ ಹಿಡಿದು ನಕ್ಕಳು. 'ಪಕ್ಕ ಹಿಡಿದು ಎಳೆದ್ರೆ ಬರೀ ಅಗಲ ಆಗುತ್ತೆ ಅಣ್ಣಾ. ಮೂಲೆ ಹಿಡಿದು ಎಳೀಬೇಕು, ಆಗ ಉದ್ದ ಅಗಲ ಎರಡೂ ಸರಿಸಮ ಬರುತ್ತೆ.' ನಲವತ್ತು ವರ್ಷ ಬಟ್ಟೆ ಕತ್ತರಿಸಿದವನಿಗೆ ಅಡ್ಡಕ್ಕೆ ಎಳೆದರೆ ಏನಾಗುತ್ತದೆ ಎಂದು ಹೊಳೆಯಲಿಲ್ಲವಲ್ಲ, ನಾಚಿಕೆಯಾಯಿತು.

ಇವತ್ತು ಬೆಳಿಗ್ಗೆ ಹತ್ತೊಂಬತ್ತನ್ನೂ ಮೂಲೆ ಹಿಡಿದೇ ಸರಿಪಡಿಸಿದೆ. ನಿನ್ನ ಹಿಂದಿನ ಬಾಗಿಲು ಎಲ್ಲದರಲ್ಲೂ ಒಂದೇ ಅಳತೆಗೆ ಬರುವಂತೆ ಮಾಡಿ, ಮೊದಲನೆಯದನ್ನೂ ಕೊನೆಯದನ್ನೂ ಅಕ್ಕಪಕ್ಕ ಇಟ್ಟೆ. ಪರದೆಯ ಮೇಲೆ ಟೇಪ್ ಹಿಡಿದೆ, ನಗುವುದಾದರೆ ನಗು. ಬಾಗಿಲು ಇದ್ದ ಹಾಗೇ ಇದೆ, ನೀನು ಹಾಗಿಲ್ಲ. ಎರಡರಲ್ಲೂ ನಾನೇ ಹೊಲಿದ ಆ ನೀಲಿ ಅಂಗಿಯೇ, ಅದರ ಹೆಗಲ ಹೊಲಿಗೆಯನ್ನು ನಿನ್ನ ಮೂಳೆಯ ಮೇಲೇ ಕೂರಿಸಿದ್ದೆ. ಈಗ ಅದು ತೋಳಿಗೆ ಜಾರಿದೆ. ಕೊನೆಯದಕ್ಕೆ ಮುಂಚಿನ ಎಂಟು ವಾರ ಸ್ವೆಟರ್ ಹಾಕಿ ಕೂತಿದ್ದೀಯ. ಚಳಿಗೆ ಎಂದುಕೊಂಡಿದ್ದೆ. ಮೊನ್ನೆ ಭಾನುವಾರ ಹಾಕಿಕೊಳ್ಳಲು ಮರೆತೆ ಎಂದು ಕಾಣುತ್ತದೆ.

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸೂಜಿಗೆ ದಾರ ಹೋಗುತ್ತಿಲ್ಲ. ಯಾರದೋ ಪ್ಯಾಂಟನ್ನು ಇನ್ಯಾರದೋ ಅಳತೆಗೆ ಕತ್ತರಿಸಿಟ್ಟಿದ್ದೇನೆ, ಸಂಜೆ ಬೈಸಿಕೊಳ್ಳಬೇಕು. ಏನಾಗಿದೆ ನಿನಗೆ? ಊಟ ಸೇರುತ್ತಿಲ್ಲವಾ? ಕಾಯಿಲೆಯಾ? ಯಾರಾದರೂ ಏನಾದರೂ ಅಂದರಾ? ನನಗೆ ಹೆದರಿಕೆಯಾಗುತ್ತಿದೆ ಮಗಳೇ.

ಅಮ್ಮನ ಆಶೀರ್ವಾದವನ್ನೂ ನಾನೇ ಸೇರಿಸಿ ಬರೆಯುತ್ತಿದ್ದೇನೆ, ಅವಳಿಗೆ ಈ ಕಾಗದದ ವಿಷಯ ಗೊತ್ತಿಲ್ಲ. ನೂರು ಕಾಲ ಸುಖವಾಗಿರು.

ನಿನ್ನ
ಅಪ್ಪ

ತಾ.ಕ.: ಈ ಭಾನುವಾರ ವಿಡಿಯೋ ಕಾಲ್ ಬೇಡ, ನಾನೇ ಬರುತ್ತಿದ್ದೇನೆ. ಟಿಕೆಟ್ ಆಗಿದೆ, ಬರಬೇಡಿ ಅನ್ನಬೇಡ. ಓದು ಸಾಕಪ್ಪ, ಮನೆಗೆ ಬರ್ತೀನಿ ಅಂದರೆ ಒಂದು ಮಾತೂ ಕೇಳದೆ ಕರೆದುಕೊಂಡು ಬರುತ್ತೇನೆ. ನರ್ಸ್ ಆಗಲೇಬೇಕೆಂದು ಹಟ ಹಿಡಿದು ಕಳಿಸಿದವನು ನಾನು. ನಿನಗೆ ಇಷ್ಟವಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು ಗುಬ್ಬಿ.